ಗೀಟು ಹಾಕದ ನಾಯಕ

ಲಕೋಟ. ಈ ಪದ ಓದಿದ ಕೂಡಲೇ ಅಂಚೆಯ ಲಕೋಟೆ ನೆನಪಾಗುತ್ತೆ, ಅಲ್ಲವೇ? ಇದು ಅದಲ್ಲ. ಲಕೋಟ ಎಂಬುದು ಒಂದು ಜನಾಂಗದ ಹೆಸರು. ಈ ಜನ ಇರುವುದು ದೂರದ ಅಮೆರಿಕದಲ್ಲಿ. ಅವರ ಭಾಷೆಯಲ್ಲಿ ಲಕೋಟ ಅಂದರೆ ಗೆಳೆಯರು, ಒಂದಾಗಿ ಇರುವವರು ಎಂದು ಅರ್ಥ.

ನಮ್ಮಲ್ಲಿ ಹಗಲು ಇದ್ದಾಗ ಅಮೆರಿಕದಲ್ಲಿ ರಾತ್ರಿ. ಭೂಮಿಯ ಆ ಮಗ್ಗುಲಿನ ದೇಶ ಅದು. ಈಗ ಅಲ್ಲಿ ಇರುವವರಲ್ಲಿ ಬಹಳ ಜನರ ಹಿರಿಯರು ಯೂರೋಪಿನಿಂದ ಹಡಗು ಹತ್ತಿ ಬಂದವರು. ಅವರು ಬರುವ ಮೊದಲು ಆ ನೆಲ ಖಾಲಿ ಇರಲಿಲ್ಲ. ನೂರಾರು ಜನಾಂಗಗಳು ಸಾವಿರಾರು ವರ್ಷಗಳಿಂದ ಅಲ್ಲಿ ಬಾಳುತ್ತಿದ್ದವು. 1492ರಲ್ಲಿ ಕೊಲಂಬಸ್ ಎಂಬ ನಾವಿಕ ಆ ಕಡೆಯ ದ್ವೀಪಗಳಲ್ಲಿ ಇಳಿದ. ಅವನು ಹುಡುಕಿಕೊಂಡು ಹೊರಟದ್ದು ನಮ್ಮ ಕಡೆಯ ನಾಡುಗಳನ್ನು. ಇಂಡಿಯಾ ಸೀಮೆ ಸಿಕ್ಕಿತು ಅಂತ ತಿಳಿದ. ಅಲ್ಲಿಯ ಜನರನ್ನು ಇಂಡಿಯನ್ನರು ಅಂತ ಕರೆದ. ಅವನು ಮಾಡಿದ ತಪ್ಪು ಇವರ ಹೆಸರಾಗಿ ಉಳಿಯಿತು. ರೆಡ್ ಇಂಡಿಯನ್ ಎಂಬ ಮಾತು ನಮ್ಮ ಪುಸ್ತಕಗಳಲ್ಲೂ ಇತ್ತು. ಆ ಹೆಸರು ಅವರಿಗೆ ಹಿಡಿಸುವುದಿಲ್ಲ. ನಾವು ಅವರನ್ನು ಲಕೋಟರು ಅಂತಲೇ ಕರೆಯೋಣ.

ಈ ಲಕೋಟರಲ್ಲಿ ಒಬ್ಬ ನಾಯಕನಿದ್ದ. ಅವನ ಹೆಸರು ತಶುಂಕೆ ವಿಟ್ಕೊ. ತಶುಂಕೆ ಅಂದರೆ ಅವನ ಕುದುರೆ. ವಿಟ್ಕೊ ಅಂದರೆ ಹುಚ್ಚು. ಹುಚ್ಚು ಓಟದ ಕುದುರೆ ಉಳ್ಳವನು ಅಂತ ಇಟ್ಟುಕೊಳ್ಳಿ. ಇಂಗ್ಲಿಷಿನವರು ಇದನ್ನು ಕ್ರೇಜಿ ಹಾರ್ಸ್ ಅಂತ ಮಾಡಿದರು. ಹುಚ್ಚು ಕುದುರೆ! ಕುದುರೆಯ ಗುಣವನ್ನು ಸವಾರನ ತಲೆಗೆ ಕಟ್ಟಿದರು. ಮಾತು ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಹೋಗುವಾಗ ಹೀಗೆ ಆಗುತ್ತೆ. ಇದೇನೋ ಸಣ್ಣ ವಿಷಯ. ಆದರೆ ಇಂಥದ್ದೇ ದೊಡ್ಡ ತಪ್ಪುಗಳು ಅವನ ಬದುಕಿನ ಮೊದಲಲ್ಲೂ ಕೊನೆಯಲ್ಲೂ ಬಂದವು. ಅದನ್ನೇ ನಾವು ಇಲ್ಲಿ ಹೇಳಹೊರಟಿದ್ದೇವೆ.

ಕಾಡೆಮ್ಮೆಯ ನಾಡು

ಅಮೆರಿಕದ ನಡುವೆ ದೊಡ್ಡ ಹುಲ್ಲುಗಾವಲು ಇದೆ. ಎಷ್ಟು ದೂರ ನೋಡಿದರೂ ಹುಲ್ಲೇ. ಅಲ್ಲಿ ಬೈಸನ್ ಎಂಬ ಪ್ರಾಣಿ ಇತ್ತು. ನಮ್ಮ ಕಾಡಿನ ಕಾಟಿಯ ಹಾಗೆ ದಪ್ಪ. ಮೈ ತುಂಬ ಕೂದಲು. ನಾವು ಅದನ್ನು ಕಾಡೆಮ್ಮೆ ಅನ್ನೋಣ. ಆಗ ಅಲ್ಲಿ ಸುಮಾರು 3 ಕೋಟಿ ಕಾಡೆಮ್ಮೆಗಳಿದ್ದವು ಅಂತ ತಿಳಿದವರು ಅಂದಾಜು ಮಾಡಿದ್ದಾರೆ.

ಲಕೋಟರ ಅನ್ನ, ಬಟ್ಟೆ, ಮನೆ ಎಲ್ಲವೂ ಕಾಡೆಮ್ಮೆಯೇ. ಗಂಡಸರು ಕುದುರೆ ಏರಿ ಬೇಟೆ ಆಡೋರು. ಆಮೇಲಿನ ಕೆಲಸ ಹೆಂಗಸರದ್ದು. ತೊಗಲು ಸುಲಿದು, ನೆಲಕ್ಕೆ ಗೂಟ ಹೊಡೆದು ಬಿಗಿಯಬೇಕು. ಮೂಳೆಯ ಉಳಿಯಿಂದ ಹೆರೆಯಬೇಕು. ಪ್ರಾಣಿಯ ಮಿದುಳನ್ನೇ ತಿಕ್ಕಿ ಮೆತ್ತಗೆ ಮಾಡಬೇಕು. ಹತ್ತಾರು ತೊಗಲು ಸೇರಿಸಿ ಹೊಲಿದರೆ ಒಂದು ಗುಡಾರ. ಮಾಂಸವನ್ನು ತೆಳ್ಳಗೆ ಸೀಳಿ ಒಣಗಿಸುವುದು, ಕುಟ್ಟಿ ಪುಡಿ ಮಾಡುವುದು, ಕೊಬ್ಬು ಮತ್ತು ಕಾಡು ಹಣ್ಣು ಸೇರಿಸಿ ಚಳಿಗಾಲಕ್ಕೆ ತುಂಬಿಡುವುದು. ಊರು ಎದ್ದು ಹೊರಟಾಗ ಗುಡಾರ ಕಳಚುವವರೂ ಅವರೇ, ಹೊಸ ಜಾಗದಲ್ಲಿ ಏರಿಸುವವರೂ ಅವರೇ.

ಇಷ್ಟೆಲ್ಲ ದುಡಿದ ಮೇಲೆ ಗುಡಾರ ಯಾರದ್ದು? ಹೆಂಗಸಿನದ್ದು! ಹಾಗೆಂದು ಅವರ ಕಟ್ಟಳೆ ಇತ್ತು. ಗಂಡನ ಜೊತೆ ಬಾಳುವೆ ಸಾಕು ಅನ್ನಿಸಿದರೆ ಅವನ ಸಾಮಾನನ್ನು ಗುಡಾರದ ಹೊರಗೆ ಇಟ್ಟರೆ ಆಯಿತು. ಅವನು ಹೊರಡಬೇಕು. ಮನೆಯ ಪತ್ರ ಯಾರ ಹೆಸರಿನಲ್ಲಿದೆ ಎಂಬ ತಕರಾರು ಅಲ್ಲಿ ಇರಲಿಲ್ಲ. ಪತ್ರವೇ ಇರಲಿಲ್ಲ.

ಲಕೋಟರಿಗೆ ಆಗ ಲಿಪಿ ಇರಲಿಲ್ಲ. ಆದರೆ ನೆನಪು ಇಡುವ ದಾರಿ ಇತ್ತು. ಒಂದು ದೊಡ್ಡ ತೊಗಲಿನ ಮೇಲೆ ವರ್ಷಕ್ಕೆ ಒಂದು ಚಿತ್ರ ಬರೆಯುತ್ತಿದ್ದರು. ಸಿಡುಬು ಬಂದ ವರ್ಷ, ಹಿಮ ಹೆಚ್ಚು ಬಿದ್ದ ವರ್ಷ, ಹಿರಿಯ ಸತ್ತ ವರ್ಷ. ಚಿತ್ರ ನೋಡಿ ಕತೆ ಹೇಳುವುದಕ್ಕೆ ಒಬ್ಬ ಹಿರಿಯ ಇರುತ್ತಿದ್ದ.

ಒಂದು ಹಸುವಿನ ಜಗಳ

ತಶುಂಕೆ ವಿಟ್ಕೊ ಹುಟ್ಟಿದ್ದು 1840ರ ಸುಮಾರಿಗೆ. ಲಕೋಟರಲ್ಲಿ ಏಳು ಪಂಗಡ. ಇವನು ಓಗ್ಲಾಲ ಪಂಗಡದವನು. ಸಣ್ಣವನಿದ್ದಾಗಲೇ ತಾಯಿ ಸತ್ತಳು. ತಾಯಿಯ ಕಡೆಯ ಹೆಂಗಸರೇ ಸಾಕಿದರು. ಕೂದಲು ಗುಂಗುರು, ಬಣ್ಣ ತಿಳಿ. ಅದಕ್ಕೆ ಗುಂಗುರ ಅಂತಲೇ ಕರೆಯೋರು. ತಶುಂಕೆ ವಿಟ್ಕೊ ಎಂಬುದು ಮೊದಲು ಅವನ ಅಪ್ಪನ ಹೆಸರು. ಮಗ ಹೋರಾಟದಲ್ಲಿ ಧೈರ್ಯ ತೋರಿಸಿದಾಗ ಅಪ್ಪ ತನ್ನ ಹೆಸರನ್ನೇ ಮಗನಿಗೆ ಕೊಟ್ಟ. ತಾನು ಏನು ಹೆಸರು ಇಟ್ಟುಕೊಂಡ ಗೊತ್ತೇ? ಹುಳು! ಮಗನಿಗಾಗಿ ಇಷ್ಟು ತಗ್ಗಿದ ಅಪ್ಪನನ್ನು ನಾವು ಬೇರೆ ಕತೆಯಲ್ಲಿ ಕೇಳಿಲ್ಲ.

1854ರಲ್ಲಿ ಹುಡುಗನಿಗೆ ಹದಿಮೂರೋ ಹದಿನಾಲ್ಕೋ. ಆಗ ಬಿಳಿಯರು ಸಾಲುಸಾಲು ಗಾಡಿಗಳಲ್ಲಿ ಪಡುವಣ ಕಡೆಗೆ ಹೋಗುತ್ತಿದ್ದರು. ಲಾರಮಿ ಎಂಬ ಸೈನ್ಯದ ಠಾಣ್ಯದ ಹತ್ತಿರ ಲಕೋಟರು ಬೀಡು ಬಿಟ್ಟಿದ್ದರು. ಒಬ್ಬ ದಾರಿಹೋಕನ ಬಡಕಲು ಹಸು ತಪ್ಪಿಸಿಕೊಂಡು ಬೀಡಿನೊಳಗೆ ಬಂತು. ಅಲ್ಲಿದ್ದ ಒಬ್ಬ ಅದನ್ನು ಕೊಂದ. ಜನ ತಿಂದರು. ಹಸುವಿನವನು ಠಾಣ್ಯಕ್ಕೆ ಹೋಗಿ ದೂರು ಕೊಟ್ಟ.

ಲಕೋಟರ ಹಿರಿಯ ಸಮಾಧಾನಿ. ಹಸುವಿಗೆ ಬದಲು ಕುದುರೆ ಕೊಡುತ್ತೇವೆ ಅಂದ. ನಮ್ಮ ಹಳ್ಳಿಯ ಪಂಚಾಯಿತಿಯಲ್ಲಾದರೆ ಅಲ್ಲಿಗೆ ಮುಗಿಯುತ್ತಿತ್ತು. ಅಲ್ಲಿ ಮುಗಿಯಲಿಲ್ಲ. ಗ್ರಾಟನ್ ಎಂಬ ಚಿಕ್ಕ ಪ್ರಾಯದ ಅಧಿಕಾರಿ 29 ಸಿಪಾಯಿಗಳನ್ನೂ ಎರಡು ತೋಪುಗಳನ್ನೂ ತಂದ. ಜೊತೆಗೆ ಒಬ್ಬ ದುಭಾಷಿ. ದುಭಾಷಿ ಅಂದರೆ ಒಬ್ಬರ ಮಾತನ್ನು ಇನ್ನೊಬ್ಬರ ಭಾಷೆಯಲ್ಲಿ ತಿಳಿಸುವವನು. ಈ ದುಭಾಷಿ ಕುಡಿದು ಬಂದಿದ್ದ. ಹಿರಿಯನ ಮಾತನ್ನು ಸರಿಯಾಗಿ ದಾಟಿಸುವುದು ಬಿಟ್ಟು ಲಕೋಟರನ್ನು ಬೈದು ಅಣಕಿಸಿದ. ಮಾತು ಮುರಿಯಿತು. ಗುಂಡು ಹಾರಿತು. ಸಮಾಧಾನ ಹೇಳಿದ ಹಿರಿಯನಿಗೇ ಗುಂಡು ತಗುಲಿತು. ರೊಚ್ಚಿಗೆದ್ದ ಲಕೋಟರು ಗ್ರಾಟನ್ ಮತ್ತು ಅವನ ಜೊತೆ ಬಂದ ಎಲ್ಲರನ್ನೂ ಕೊಂದರು.

ಮರುವರ್ಷ, 1855ರಲ್ಲಿ, ಸೈನ್ಯ ಸೇಡು ತೀರಿಸಿತು. ಒಂದು ಬೀಡಿನ ಮೇಲೆ ಬಿದ್ದು 86 ಜನರನ್ನು ಕೊಂದಿತು. ಸತ್ತವರಲ್ಲಿ ಹೆಂಗಸರು, ಮಕ್ಕಳೂ ಇದ್ದರು. ಹುಡುಗ ಬೆಳೆದದ್ದು ಇಂಥ ವರ್ಷಗಳಲ್ಲಿ.

ಬೆಟ್ಟದ ಮೇಲೆ ಒಬ್ಬನೇ ಉಪವಾಸ ಕೂತಾಗ ಅವನಿಗೆ ಒಂದು ಕನಸು ಬಿತ್ತಂತೆ. ಕುದುರೆ ಏರಿ ಬಂದ ಸವಾರನೊಬ್ಬ ಕನಸಿನಲ್ಲಿ ಹೇಳಿದನಂತೆ: ಒಡವೆ ಹಾಕಬೇಡ, ನಿನಗಾಗಿ ಏನನ್ನೂ ಇಟ್ಟುಕೊಳ್ಳಬೇಡ. ಅವನು ಹಾಗೇ ನಡೆದ. ಬೇರೆ ನಾಯಕರು ತಲೆ ತುಂಬ ಗರಿ ಕಟ್ಟೋರು. ಇವನದು ಒಂದೋ ಎರಡೋ ಗಿಡುಗನ ಗರಿ. ಬೇಟೆಯಲ್ಲಿ ಒಳ್ಳೆ ಭಾಗ ಮುದುಕರಿಗೆ, ವಿಧವೆಯರಿಗೆ ಹೋಗುತ್ತಿತ್ತು. ಮಾತು ಬಹಳ ಕಡಿಮೆ. ಗೆದ್ದು ಬಂದವರು ರಾತ್ರಿ ಬೆಂಕಿ ಸುತ್ತ ತಮ್ಮ ಸಾಹಸ ಹೇಳಿಕೊಳ್ಳುವುದು ರೂಢಿ. ಇವನು ಬಾಯಿ ಬಿಡುತ್ತಿರಲಿಲ್ಲ.

ಅವನದೇ ತಪ್ಪು ಒಂದಿತ್ತು. ಅದನ್ನು ಮುಚ್ಚಿಡುವುದು ಬೇಡ. 1870ರಲ್ಲಿ ಮೂರು ಮಕ್ಕಳ ತಾಯಿಯೊಬ್ಬಳು ಗಂಡನನ್ನು ಬಿಟ್ಟು ಇವನ ಜೊತೆ ಹೊರಟಳು. ಬಿಟ್ಟು ಹೋಗುವುದಕ್ಕೆ ಅವರ ಕಟ್ಟಳೆ ಅಡ್ಡಿ ಇರಲಿಲ್ಲ. ಆದರೆ ಆ ಗಂಡ ಹುಡುಕಿಕೊಂಡು ಬಂದು ಇವನ ಮುಖಕ್ಕೆ ಗುಂಡು ಹೊಡೆದ. ಇವನು ಬದುಕಿಕೊಂಡ. ಊರೊಳಗೆ ಎರಡು ಗುಂಪಾಗಿ ಹೊಡೆದಾಟ ಆಗುವುದರಲ್ಲಿತ್ತು. ಹಿರಿಯರು ನಡುವೆ ಬಂದು ತಡೆದರು. ಆ ಹೆಂಗಸು ಮನೆಗೆ ಮರಳಿದಳು. ಜನರನ್ನು ಒಂದಾಗಿ ಇಡಬೇಕಾದವನು ಒಡಕು ತಂದ ಎಂದು ಇವನಿಗೆ ಕೊಟ್ಟಿದ್ದ ನಾಯಕನ ಅಂಗಿಯನ್ನು ಕಿತ್ತುಕೊಂಡರು. ಇವನು ಮಾತಾಡದೆ ಕೊಟ್ಟ.

ಆಮೇಲೆ ಕಪ್ಪು ಶಾಲು ಎಂಬ ಹೆಸರಿನವಳನ್ನು ಮದುವೆಯಾದ. ಒಂದು ಹೆಣ್ಣು ಮಗು ಹುಟ್ಟಿತು. ಮಗಳಿಗೆ ಇಟ್ಟ ಹೆಸರು ಕೇಳಿ: 'ಅವಳಿಗೆ ಅವರು ಹೆದರುತ್ತಾರೆ'! ಮಗು ಮೂರು ವರ್ಷ ತುಂಬುವ ಹೊತ್ತಿಗೆ ಕಾಯಿಲೆಯಿಂದ ತೀರಿಕೊಂಡಿತು. ಅಪ್ಪ ಆಗ ಊರಲ್ಲಿ ಇರಲಿಲ್ಲ. ಲಕೋಟರು ಹೆಣವನ್ನು ಮಣ್ಣು ಮಾಡುತ್ತಿರಲಿಲ್ಲ. ಎತ್ತರದ ಅಟ್ಟಣೆ ಕಟ್ಟಿ ಮೇಲೆ ಮಲಗಿಸೋರು. ಇವನು ದೂರ ದಾರಿ ಹೋಗಿ, ಅಟ್ಟಣೆ ಹತ್ತಿ, ಮಗುವಿನ ಪಕ್ಕದಲ್ಲಿ ಮೂರು ದಿನ ಮಲಗಿದ್ದನಂತೆ.

ಕಾಗದ ಮತ್ತು ಗೀಟು

1866ರಲ್ಲಿ ಸರ್ಕಾರ ಲಕೋಟರ ಬೇಟೆಯ ನೆಲದ ನಡುವೆ ರಸ್ತೆ ಕಾಯಲು ಕೋಟೆಗಳನ್ನು ಕಟ್ಟಿತು. ಲಕೋಟರು ತಿರುಗಿ ಬಿದ್ದರು. ಡಿಸೆಂಬರ್ 21ರಂದು ಒಂದು ಉಪಾಯ ಹೂಡಿದರು. ಕೆಲವೇ ಸವಾರರು ಕೋಟೆಯ ಎದುರು ಬಂದು ಸೋತು ಓಡುವವರ ಹಾಗೆ ನಟಿಸಿದರು. ಅವರಲ್ಲಿ ತಶುಂಕೆ ವಿಟ್ಕೊ ಒಬ್ಬ ಎಂದು ಲಕೋಟರು ಹೇಳುತ್ತ ಬಂದಿದ್ದಾರೆ. ಸೈನ್ಯ ಅಟ್ಟಿಸಿಕೊಂಡು ಬಂತು. ಗುಡ್ಡದ ಆಚೆ ನೂರಾರು ಜನ ಕಾದಿದ್ದರು. ಹೊರಬಂದ 81 ಜನರಲ್ಲಿ ಒಬ್ಬನೂ ಮರಳಲಿಲ್ಲ.

ಕೊನೆಗೆ ಸರ್ಕಾರವೇ ರಾಜಿಗೆ ಬಂತು. 1868ರಲ್ಲಿ ಲಾರಮಿಯಲ್ಲಿ ಒಪ್ಪಂದ ಆಯಿತು. ಕೋಟೆಗಳನ್ನು ಬಿಟ್ಟು ಹೋಗುತ್ತೇವೆ, ಕರಿಬೆಟ್ಟಗಳು ಸೇರಿ ದೊಡ್ಡ ಸೀಮೆ ಲಕೋಟರದ್ದೇ, ಬಿಳಿಯರು ಅಲ್ಲಿ ನೆಲೆಸುವ ಹಾಗಿಲ್ಲ ಎಂದು ಬರೆದರು. ಇನ್ನೂ ಒಂದು ಕಲಮು ಇತ್ತು. ಹನ್ನೆರಡನೆಯದು. ಮುಂದೆ ಈ ನೆಲ ಬಿಟ್ಟುಕೊಡಬೇಕಾದರೆ ಲಕೋಟ ಗಂಡಸರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಒಪ್ಪಿ ಸಹಿ ಮಾಡಲೇಬೇಕು. ಈ ಕಲಮು ನೆನಪಿಡಿ. ಮುಂದೆ ಬರುತ್ತೆ. ಹೆಂಗಸರನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಗುಡಾರದ ಒಡತಿಯರು ಅವರು!

ಸಹಿ ಹೇಗೆ ಮಾಡಿದರು? ಕಾಗದ ಇಂಗ್ಲಿಷಿನಲ್ಲಿ. ದುಭಾಷಿ ತನಗೆ ತಿಳಿದಷ್ಟು ಹೇಳಿದ. ನಾಯಕರು ಒಬ್ಬೊಬ್ಬರಾಗಿ ಬಂದು ಲೇಖನಿಯ ಹಿಡಿಕೆ ಮುಟ್ಟಿದರು. ಗುಮಾಸ್ತ ಅವರ ಹೆಸರಿನ ಮುಂದೆ ಎರಡು ಅಡ್ಡ ಗೀಟು ಎಳೆದ. ನಮ್ಮಲ್ಲಿ ಹೆಬ್ಬೆಟ್ಟು ಒತ್ತಿಸಿದ ಹಾಗೆ. ಕಾಗದದಲ್ಲಿ ಏನೇನಿದೆ ಎಂಬುದು ಪೂರ್ತಿ ತಿಳಿದದ್ದು ಎಷ್ಟೋ ನಾಯಕರಿಗೆ ವರ್ಷಗಳ ಮೇಲೆ.

ತಶುಂಕೆ ವಿಟ್ಕೊ ಅಲ್ಲಿಗೆ ಹೋಗಲಿಲ್ಲ. ಅವನು ಯಾವ ಒಪ್ಪಂದಕ್ಕೂ ಗೀಟು ಹಾಕಲಿಲ್ಲ. ಫೋಟೋಕ್ಕೂ ಕೂರಲಿಲ್ಲ. ಅವನದೇ ಎಂದು ನಂಬಬಹುದಾದ ಫೋಟೋ ಇವತ್ತಿಗೂ ಇಲ್ಲ.

ಆರು ವರ್ಷ ಕಳೆಯಿತು. 1874ರಲ್ಲಿ ಕಸ್ಟರ್ ಎಂಬ ಸೇನಾಧಿಕಾರಿ ಸುಮಾರು ಸಾವಿರ ಜನರೊಡನೆ ಕರಿಬೆಟ್ಟಗಳಿಗೆ ನುಗ್ಗಿದ. ಅಲ್ಲಿ ಚಿನ್ನ ಇದೆ ಎಂಬ ಸುದ್ದಿ ಹಬ್ಬಿತು. ಮುಗಿಯಿತು! ಗುದ್ದಲಿ ಹಿಡಿದ ಜನ ಸಾವಿರ ಸಾವಿರ ಬಂದರು. ಅವರನ್ನು ತಡೆಯುವುದು ಸರ್ಕಾರದ ಹೊಣೆ. ಕಾಗದದಲ್ಲಿ ಹಾಗೇ ಇತ್ತು. ಸರ್ಕಾರ ಅದನ್ನು ಬಿಟ್ಟು 1875ರಲ್ಲಿ ಬೆಟ್ಟ ಮಾರಿ ಅಂತ ಕೇಳಿತು. 60 ಲಕ್ಷ ಡಾಲರ್ ಕೊಡುತ್ತೇವೆ ಅಂದಿತು. ಲಕೋಟರು ಒಪ್ಪಲಿಲ್ಲ. ಕರಿಬೆಟ್ಟ ಅವರಿಗೆ ದೇವರ ಜಾಗ. ಆಗ ಹೊರಗೆ ತಿರುಗುವ ಲಕೋಟರೆಲ್ಲ 1876ರ ಜನವರಿ 31ರೊಳಗೆ ಸರ್ಕಾರ ಗೊತ್ತು ಮಾಡಿದ ಜಾಗಕ್ಕೆ ಬರಬೇಕು, ಇಲ್ಲದಿದ್ದರೆ ಸೈನ್ಯ ಬರುತ್ತೆ ಎಂದು ಆಜ್ಞೆ ಹೊರಟಿತು. ಎದೆಮಟ್ಟ ಹಿಮದಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಬರೋದು ಹೇಗೆ? ಸೈನ್ಯ ಹೊರಟಿತು.

ಎರಡು ಹೋರಾಟ

1876ರ ಜೂನ್ 17ರಂದು ರೋಸ್‌ಬಡ್ ಎಂಬ ಹೊಳೆಯ ಹತ್ತಿರ ಸಾವಿರಕ್ಕೂ ಹೆಚ್ಚು ಸೈನಿಕರ ದಂಡನ್ನು ಲಕೋಟರು ಮತ್ತು ಶಾಯೆನ್ ಎಂಬ ನೆರೆಯ ಜನಾಂಗದವರು ತಡೆದರು. ತಶುಂಕೆ ವಿಟ್ಕೊ ಮುಂದೆ ನಿಂತಿದ್ದ. ದಂಡು ಹಿಂದಕ್ಕೆ ಹೋಯಿತು. ಆ ದಿನ ಒಬ್ಬ ಶಾಯೆನ್ ಸವಾರನ ಕುದುರೆ ಸತ್ತು ಬಿತ್ತು. ಅವನು ಗುಂಡುಗಳ ನಡುವೆ ಒಂಟಿಯಾಗಿ ನಿಂತ. ಅವನ ತಂಗಿ ಅಲ್ಲೇ ಇದ್ದಳು. ಕುದುರೆಯನ್ನು ನೇರ ಗುಂಡುಗಳೊಳಗೆ ಓಡಿಸಿದಳು. ಅಣ್ಣನನ್ನು ಹಿಂದೆ ಹತ್ತಿಸಿಕೊಂಡು ಹೊರಬಂದಳು. ಸೈನ್ಯದವರ ಪುಸ್ತಕದಲ್ಲಿ ಇದು ರೋಸ್‌ಬಡ್ ಕದನ. ಶಾಯೆನ್ನರು ಹೇಳುವುದು ಬೇರೆ: 'ಹುಡುಗಿ ಅಣ್ಣನನ್ನು ಉಳಿಸಿದ ಹೋರಾಟ'. ನಮಗೆ ಈ ಹೆಸರೇ ಚೆನ್ನ ಅನ್ನಿಸುತ್ತೆ.

ಎಂಟು ದಿನ ಕಳೆದು, ಜೂನ್ 25ರಂದು, ಅದೇ ಕಸ್ಟರ್ ಲಿಟಲ್ ಬಿಗ್‌ಹಾರ್ನ್ ಹೊಳೆಯ ದಡದ ಬೀಡಿನ ಮೇಲೆ ಬಿದ್ದ. ಅಲ್ಲಿ ಹೆಂಗಸರು, ಮಕ್ಕಳು, ಮುದುಕರು ಸೇರಿ ಸಾವಿರಾರು ಜನ ಇದ್ದರು. ಸಿಟಿಂಗ್ ಬುಲ್ ಎಂಬ ಹಿರಿಯ ನಾಯಕನೂ ಅಲ್ಲಿದ್ದ. ಕಸ್ಟರ್ ಲೆಕ್ಕ ತಪ್ಪಿತು. ಅವನೂ ಅವನ ಜೊತೆಗಿದ್ದ ಸುಮಾರು 210 ಜನರೂ ಸತ್ತರು. ಸುದ್ದಿ ತಿಳಿದು ಅಮೆರಿಕ ನಡುಗಿತು. ಜಗತ್ತು ತಶುಂಕೆ ವಿಟ್ಕೊನನ್ನು ನೆನೆಯುವುದು ಈ ಗೆಲುವಿಗೆ.

ಆದರೆ ಗೆಲುವು ಹೊಟ್ಟೆ ತುಂಬಿಸಲಿಲ್ಲ. ತೊಗಲು ಮಾರುವವರು ಕಾಡೆಮ್ಮೆಗಳನ್ನು ಲಕ್ಷಗಟ್ಟಲೆ ಹೊಡೆದು ಹಾಕುತ್ತಿದ್ದರು. (ಮುಂದೆ ಹತ್ತು ಹದಿನೈದು ವರ್ಷದಲ್ಲಿ ಇಡೀ ದೇಶದಲ್ಲಿ ಸಾವಿರ ಕಾಡೆಮ್ಮೆಯೂ ಉಳಿಯಲಿಲ್ಲ.) ಸೈನ್ಯ ಚಳಿಗಾಲದಲ್ಲೂ ಬೆನ್ನು ಬಿಡಲಿಲ್ಲ. ಮಕ್ಕಳು ಹಸಿದರು. ಕಪ್ಪು ಶಾಲುವಿಗೆ ಕ್ಷಯ. 1877ರ ಮೇ 6ರಂದು ತಶುಂಕೆ ವಿಟ್ಕೊ ತನ್ನ ಸುಮಾರು 900 ಜನರೊಡನೆ ನೆಬ್ರಾಸ್ಕದ ರಾಬಿನ್ಸನ್ ಠಾಣ್ಯಕ್ಕೆ ಬಂದು ಕೋವಿ, ಕುದುರೆ ಒಪ್ಪಿಸಿದ. ನಿಮಗೆ ನಿಮ್ಮ ಕಡೆಯಲ್ಲೇ ನೆಲ ಕೊಡುತ್ತೇವೆ ಎಂಬ ಮಾತು ನಂಬಿ ಬಂದಿದ್ದ. ಆ ಮಾತು ನಡೆಯಲಿಲ್ಲ.

ಮತ್ತೆ ದುಭಾಷಿ

ಆಗಸ್ಟ್ ಕೊನೆಗೆ ಸೈನ್ಯದವರು ಇನ್ನೊಂದು ಜನಾಂಗದ ಮೇಲೆ ಯುದ್ಧಕ್ಕೆ ಬಾ ಅಂತ ಅವನನ್ನು ಕರೆದರು. ಆ ಜನಾಂಗದ ಹೆಸರು ನೆಜ್ ಪರ್ಸ್. ಹೋರಾಟ ಸಾಕು ಅಂತ ಬಂದವನು ನಾನು ಅಂದ ಅವನು. ಬಹಳ ಒತ್ತಾಯ ಮಾಡಿದ ಮೇಲೆ, ಆಗಲಿ, ಕೊನೆಯ ನೆಜ್ ಪರ್ಸ್ ಇರುವ ತನಕ ಹೋರಾಡುತ್ತೇವೆ ಅಂದನಂತೆ. ದುಭಾಷಿ ಅದನ್ನು ಹೇಗೆ ಹೇಳಿದ? ಕೊನೆಯ ಬಿಳಿಯ ಇರುವ ತನಕ ಹೋರಾಡುತ್ತೇವೆ! ಮಾತು ತಪ್ಪಿ ಹೋಯಿತು ಎಂದು ಇನ್ನೊಬ್ಬ ದುಭಾಷಿ ಆಮೇಲೆ ಹೇಳಿದ. ಅಷ್ಟರಲ್ಲಿ ಅಧಿಕಾರಿಗಳಿಗೆ ಸಂಶಯ ಗಟ್ಟಿಯಾಗಿತ್ತು. ಅವನ ಮೇಲೆ ಹೊಟ್ಟೆಕಿಚ್ಚು ಇದ್ದ ಲಕೋಟರೂ ಚಾಡಿ ಸೇರಿಸಿದರು.

ಸೆಪ್ಟೆಂಬರ್ 4ರಂದು ಅವನು ಕಾಯಿಲೆಯ ಹೆಂಡತಿಯನ್ನು ಕರೆದುಕೊಂಡು ಬೇರೆ ಬೀಡಿಗೆ ಹೋದ. ಓಡಿಹೋದ ಅಂತ ಸುದ್ದಿಯಾಯಿತು. ಅಧಿಕಾರಿಯ ಹತ್ತಿರ ಮಾತಾಡಬಹುದು ಬಾ ಅಂತ ಹೇಳಿ ಮರುದಿನ ಕರೆತಂದರು. ಕರೆದುಕೊಂಡು ಹೋದದ್ದು ಸೆರೆಮನೆಗೆ. ಒಳಗೆ ಕಾಲಿಟ್ಟಾಗ ಕಂಬಿ ಕಂಡಿತು. ಕೊಸರಿಕೊಂಡು ಹೊರಗೆ ಬಂದ. ಕೈ ಹಿಡಿದು ನಿಲ್ಲಿಸಿದವನು ಅವನ ಹಳೆಯ ಜೊತೆಗಾರನೇ. ಒಬ್ಬ ಸಿಪಾಯಿ ಬಂದೂಕದ ತುದಿಯ ಕತ್ತಿಯಿಂದ ತಿವಿದ. ಮಂಚ ಕೊಟ್ಟರು. ಬೇಡ ಅಂದ. ನೆಲದ ಮೇಲೆ ಕಂಬಳಿ ಹಾಸಿ ಮಲಗಿದ. ಅಪ್ಪ ಪಕ್ಕದಲ್ಲಿ ಕೂತಿದ್ದ. ಅದೇ ರಾತ್ರಿ, 1877ರ ಸೆಪ್ಟೆಂಬರ್ 5ರಂದು, ಪ್ರಾಣ ಹೋಯಿತು. ವಯಸ್ಸು ನಲವತ್ತೂ ಆಗಿರಲಿಲ್ಲ. ತಂದೆತಾಯಿ ದೇಹವನ್ನು ಒಯ್ದು ಎಲ್ಲೋ ಮರೆ ಮಾಡಿದರು. ಜಾಗ ಯಾರಿಗೂ ಹೇಳಲಿಲ್ಲ.

ಅವನ ಹೆಸರು

ಹೆಸರು ಮಾತ್ರ ಮರೆಯಾಗಲಿಲ್ಲ. 1982ರಲ್ಲಿ ಅಮೆರಿಕದ ಅಂಚೆ ಚೀಟಿಯ ಮೇಲೆ ಅವನ ಚಿತ್ರ ಬಂತು. ಫೋಟೋ ಇಲ್ಲದವನ ಚಿತ್ರ! ಅದಕ್ಕೂ ಮೊದಲು, 1948ರಲ್ಲಿ, ಕರಿಬೆಟ್ಟಗಳಲ್ಲಿ ಒಂದು ಇಡೀ ಬೆಟ್ಟವನ್ನು ಅವನ ಮೂರ್ತಿಯಾಗಿ ಕೆತ್ತಲು ಒಬ್ಬ ಶಿಲ್ಪಿ ತೊಡಗಿದ. ಕರೆಸಿದವನು ಒಬ್ಬ ಲಕೋಟ ಹಿರಿಯನೇ. ಹತ್ತಿರದ ಇನ್ನೊಂದು ಬೆಟ್ಟದಲ್ಲಿ ಅಮೆರಿಕದ ನಾಲ್ಕು ಅಧ್ಯಕ್ಷರ ಮುಖ ಕೆತ್ತಿದ್ದರು. ನಮ್ಮಲ್ಲೂ ದೊಡ್ಡವರು ಇದ್ದರು ಅಂತ ತೋರಿಸುವ ಆಸೆ ಹಿರಿಯನದು. ಶಿಲ್ಪಿ 1982ರಲ್ಲಿ ತೀರಿಕೊಂಡ. ಅವನ ಹೆಂಡತಿ 2014ರಲ್ಲಿ ತೀರಿಕೊಳ್ಳುವ ತನಕ ಕೆಲಸ ಮುಂದುವರಿಸಿದಳು. ಮುಖ ಮುಗಿದದ್ದು 1998ರಲ್ಲಿ. ಅದರ ಎತ್ತರವೇ 87 ಅಡಿ. ಉಳಿದದ್ದು ಇನ್ನೂ ನಡೀತಾ ಇದೆ. ಕೆಲವು ಲಕೋಟರಿಗೆ ಇದು ಹೆಮ್ಮೆ. ಇನ್ನು ಕೆಲವರು, ದೇವರ ಬೆಟ್ಟಕ್ಕೆ ಮದ್ದು ಇಟ್ಟು ಒಡೆಯೋದು ಅವನಿಗೆ ಮಾಡುವ ಮರ್ಯಾದೆಯೇ ಅಂತ ಕೇಳುತ್ತಾರೆ. ನಮಗೂ ಹಾಗೇ ಅನ್ನಿಸುತ್ತೆ.

1992ರಲ್ಲಿ ಒಂದು ಕಂಪನಿ ಅವನ ಹೆಸರಿಟ್ಟು ಮದ್ಯ ಮಾರಾಟಕ್ಕೆ ತಂದಿತು. ಕುಡಿತದಿಂದ ಎಷ್ಟೋ ಲಕೋಟ ಮನೆಗಳು ಹಾಳಾಗಿವೆ. ಅವನ ಮನೆತನದವರು ಸುಮ್ಮನಿರಲಿಲ್ಲ. ತಮ್ಮದೇ ಜನಾಂಗದ ನ್ಯಾಯಾಲಯದಲ್ಲಿ ದಾವೆ ಹೂಡಿದರು. 2001ರಲ್ಲಿ, ಮದ್ಯ ತಯಾರಿಸಿದ್ದ ಕಾರ್ಖಾನೆಯನ್ನು ಕೊಂಡಿದ್ದ ಕಂಪನಿಯವರು ಅವರ ನಾಡಿಗೇ ಬಂದು ಕ್ಷಮೆ ಕೇಳಿದರು. ಲಕೋಟರ ಪದ್ಧತಿಯಂತೆ ಕಾಣಿಕೆ ಒಪ್ಪಿಸಿದರು. ಆ ಮದ್ಯ ಮಾರಾಟವಾದದ್ದು 32 ರಾಜ್ಯಗಳಲ್ಲಿ. ಅದಕ್ಕೆ 32 ಕಂಬಳಿ, 32 ಹುರಿ ಹೊಗೆಸೊಪ್ಪು, ಹೆಣೆದ ಪರಿಮಳದ ಹುಲ್ಲು 32 ಜಡೆ. ಜೊತೆಗೆ 7 ಕುದುರೆ.

ಇನ್ನು ಕರಿಬೆಟ್ಟದ ಮಾತು. 1876ರ ಹೋರಾಟ ಆದ ಮೇಲೆ ಸರ್ಕಾರ ಮತ್ತೆ ಕಾಗದ ತಂದಿತ್ತು. ಬೆಟ್ಟ ಬಿಟ್ಟುಕೊಡದಿದ್ದರೆ ರೇಷನ್ ಇಲ್ಲ ಅಂದಿತ್ತು. ಹೆದರಿಸಿದರೂ ಗೀಟು ಹಾಕಿದವರು ನೂರಕ್ಕೆ ಹತ್ತು ಜನ ಮಾತ್ರ. ಬೇಕಾಗಿದ್ದದ್ದು ನೂರಕ್ಕೆ ಎಪ್ಪತ್ತೈದು. ಹನ್ನೆರಡನೆಯ ಕಲಮು ನೆನಪಿದೆಯಲ್ಲ? ಸರ್ಕಾರ ಅದನ್ನು ಬದಿಗಿಟ್ಟು 1877ರಲ್ಲಿ ಕಾನೂನು ಮಾಡಿ ಬೆಟ್ಟ ತೆಗೆದುಕೊಂಡಿತು.

ಗೀಟು ಹಾಕಿದವರ ಮಕ್ಕಳು, ಮೊಮ್ಮಕ್ಕಳು ಇಂಗ್ಲಿಷ್ ಕಲಿತರು. ಹಳೆಯ ಕಾಗದ ತೆಗೆದು ಓದಿದರು. 1923ರಲ್ಲಿ ನ್ಯಾಯಾಲಯಕ್ಕೆ ಹೋದರು. ಒಮ್ಮೆ ಸೋತರು. ಬಿಡಲಿಲ್ಲ. 57 ವರ್ಷ ಕಳೆದು, 1980ರ ಜೂನ್ 30ರಂದು, ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಸರ್ಕಾರ ಸರಿಯಾದ ಬೆಲೆ ಕೊಡದೆ ಈ ನೆಲ ತೆಗೆದುಕೊಂಡಿದೆ, ಹಣ ಮತ್ತು ಬಡ್ಡಿ ಕೊಡಬೇಕು ಅಂದಿತು. ಎಲ್ಲ ಸೇರಿ ಸುಮಾರು ಹತ್ತೂವರೆ ಕೋಟಿ ಡಾಲರ್.

ಲಕೋಟರು ಹಣ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡರೆ ಮಾರಿದ ಹಾಗೆ ಆಗುತ್ತೆ ಅಂದರು. ಅವರೇನು ಉಳ್ಳವರಲ್ಲ. ಓಗ್ಲಾಲರು ಇರುವ ಪೈನ್ ರಿಡ್ಜ್ ಅಮೆರಿಕದ ಬಹಳ ಬಡ ಪ್ರದೇಶಗಳಲ್ಲಿ ಒಂದು. ಕೆಲಸ ಇಲ್ಲ, ಚಳಿಗೆ ಸರಿಯಾದ ಮನೆ ಇಲ್ಲ. ಹಣ ಸರ್ಕಾರದ ಖಾತೆಯಲ್ಲೇ ಇದೆ. ಬಡ್ಡಿ ಬೆಳೆದು ಈಗ ನೂರು ಕೋಟಿ ಡಾಲರ್ ದಾಟಿದೆ. ನಮಗೆ ಬೆಟ್ಟ ಕೊಡಿ ಅಂತ ಅವರು ಈಗಲೂ ಕೇಳುತ್ತಿದ್ದಾರೆ.